ಒಂದು ಮಳೆಗಾಲದ ಜವಾಬ್ದಾರಿ

ನಾವು ಮಧುಗಿರಿಯಲ್ಲಿ ಮನೆ ಕೊಂಡಾಗ ನನಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ಯುದ್ಧದ ಕಾಲ. ಸೀಮೆಎಣ್ಣೆಗೆ ಸಾಲು ನಿಲ್ಲಬೇಕಿತ್ತು. ಪೆಟ್ರೋಲಿಲ್ಲದ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು, ಏರು ಬಂದಲ್ಲಿ ಜನರನ್ನು ಇಳಿಸಿ ತಳ್ಳಿಸಿಕೊಂಡು ಓಡಾಡುತ್ತಿದ್ದವು. ಇಂಥ ಕಾಲದಲ್ಲಿ ಯಾರಾದರೂ ಮನೆ ಕೊಳ್ಳುತ್ತಾರಾ ಅಂತ ಬಂಧುಗಳೆಲ್ಲ ಕೇಳಿದರು. ನಮ್ಮತ್ತೆ ಕೊಂಡರು.

ಅತ್ತೆ ಕೊರಟಗೆರೆ ಕಡೆಯ ಹೊಳವನಹಳ್ಳಿಯವರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಇದ್ದೊಬ್ಬ ಮಗನನ್ನು ಓದಿಸಿ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗುವ ತನಕ ತಂದು ನಿಲ್ಲಿಸಿದವರು. ಮೊಸರಿನವಳು ಬಂದರೆ ಕುಡಿಕೆಯನ್ನು ತಲೆಕೆಳಗು ಮಾಡಿ ನೋಡುತ್ತಿದ್ದರು. ಗಟ್ಟಿ ಮೊಸರಾದರೆ ಬೀಳಬಾರದು ಅನ್ನುವುದು ಅವರ ವಾದ. ಒಂದೆರಡು ಸಲ ಬಿದ್ದು ಜಗಲಿಯೆಲ್ಲ ಮೊಸರಾದದ್ದೂ ಉಂಟು. ಆಗಲೂ ತಪ್ಪು ಮೊಸರಿನದೇ.

ಅವರ ಮಗ, ಅಂದರೆ ನಮ್ಮ ಯಜಮಾನರು, ಇದಕ್ಕೆ ತೀರಾ ಉಲ್ಟಾ. ದಿನವಿಡೀ ಕಚೇರಿಯಲ್ಲಿ ಊರವರ ತಕರಾರುಗಳನ್ನು ಮುದ್ದಾದ ಅಕ್ಷರದಲ್ಲಿ ನಕಲು ಮಾಡಿ ಬರುತ್ತಿದ್ದ ಅವರಿಗೆ ಮನೆಯಲ್ಲಿ ಇನ್ನೊಂದು ತಕರಾರು ಕಿವಿಗೆ ಬೀಳುವುದೇ ಬೇಡವಾಗಿತ್ತು. ಉಪ್ಪು ಹೆಚ್ಚಾಗಿದೆ ಅಂತ ಹೇಳಲಾರದೆ ಎರಡು ಚೊಂಬು ನೀರು ಕುಡಿದು ಏಳುವ ಮನುಷ್ಯ.

ಮನೆ ಒಬ್ಬ ಸಾಬರದು. ಪೇಟೆ ಬೀದಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದವರು, ಅರವತ್ತರ ಹತ್ತಿರದ ವಯಸ್ಸು. ಶಿರಾದಲ್ಲಿದ್ದ ಅವರ ಅಣ್ಣ ತೀರಿಕೊಂಡು, ಅಲ್ಲಿನ ಮನೆತನದ ಅಂಗಡಿ ನೋಡಿಕೊಳ್ಳಲು ಇವರೇ ಹೋಗಬೇಕಾಗಿ ಬಂದಿತ್ತು. ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮುಂದೆ ಜಗಲಿ, ಒಂದು ನಡುಮನೆ, ಅಡುಗೆಮನೆ, ಹಿತ್ತಲು. ಹಿತ್ತಲಲ್ಲಿ ನಿಂತರೆ ಬೆಟ್ಟ ಮೈಮೇಲೆ ಬಂದಂತೆ ಕಾಣುತ್ತಿತ್ತು. ಕಚೇರಿಗೆ ನಾಲ್ಕು ಹೆಜ್ಜೆ.

"ಸಾಬರ ಮನೆಯಾ?" ಅಂತ ಬಂಧುಗಳು ಮೂಗು ಮುರಿದರು.

"ಗೋಡೆಗೆ ಜಾತಿ ಎಲ್ಲೈತೆ. ಸುಣ್ಣ ಹೊಡೆದ್ರೆ ಆಯ್ತು" ಅಂದರು ಅತ್ತೆ.

ಅಂದರೇನೋ ಸರಿ. ಆಮೇಲೆ ಅಯ್ಯನವರನ್ನು ಕರೆಸಿ ಪೂಜೆ ಮಾಡಿಸಿ, ಅಡುಗೆಮನೆಯನ್ನು ಮೂರು ದಿನ ಮೂರು ಸಲ ಸಾರಿಸಿದರು. ಸಾರಿಸಿದರು ಅನ್ನುವುದಕ್ಕಿಂತ ನನ್ನ ಕೈಲಿ ಮಾಡಿಸಿದರು.

ಕ್ರಯಪತ್ರ ಬರೆದ ದಿನ ನನಗೆ ಚೆನ್ನಾಗಿ ನೆನಪಿದೆ. ಮನೆ ಅತ್ತೆಯ ಹೆಸರಿಗೆ ಆಗಬೇಕಿದ್ದರಿಂದ ಹೆಬ್ಬೆಟ್ಟು ಒತ್ತಲು ಅವರೇ ಹೋಗಬೇಕಿತ್ತು, ಜೊತೆಗೆ ನಾನೂ ಹೋದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದಿನ ಮರದ ಕೆಳಗೆ ಪತ್ರ ಬರೆಯುವವರು ಕೂತಿದ್ದರು. ಒಂದು ಕಡೆ ಸಾಬರು, ಕೋಟು ಟೋಪಿ ಹಾಕಿಕೊಂಡು, ಕೊಡೆ ಊರಿಕೊಂಡು. ಇನ್ನೊಂದು ಕಡೆ ನಾವು. ಯಜಮಾನರು ಎರಡೂ ಕಡೆಗೆ ಸೇರದವರಂತೆ ಸ್ವಲ್ಪ ದೂರ ನಿಂತಿದ್ದರು. ಬರಹಗಾರರು ಬರೆದದ್ದನ್ನು ಗಟ್ಟಿಯಾಗಿ ಓದಿದರು: "ಸದರಿ ಮನೆಗೆ ಮುಂದೆ ಯಾರಿಂದಲಾದರೂ ಹಕ್ಕಿನ ತಂಟೆ ತಕರಾರು ಬಂದಲ್ಲಿ ಮಾರಿದ ನಾನೇ ಜವಾಬ್ದಾರನಾಗಿ ಪರಿಹರಿಸಿ ಕೊಡತಕ್ಕದ್ದು."

"ಸೋರಿದ್ರೆ?" ಅಂದರು ಅತ್ತೆ.

"ಏನು ಸೋರಿದ್ರೆ?"

"ಮನೆ. ಮಳೆ ಬಂದು ಸೋರಿದ್ರೆ ಯಾರು ಜವಾಬ್ದಾರ್ರು?"

ಬರಹಗಾರರು ಕನ್ನಡಕ ತೆಗೆದು ಅತ್ತೆಯನ್ನು ನೋಡಿದರು. "ಅಮ್ಮ, ಪತ್ರದಲ್ಲಿ ಹಕ್ಕಿನ ವಿಚಾರ ಬರೀತಾರೆ. ಸೋರೋದು, ಬಿರುಕು ಬಿಡೋದು, ಇವೆಲ್ಲ ಬರೆಯೋ ಪದ್ಧತಿ ಇಲ್ಲ. ನೀವು ಕಣ್ಣಾರೆ ನೋಡಿ ತಾನೆ ತಗೊಳ್ತಿರೋದು?"

"ನೋಡಿದ್ದು ಬೇಸಿಗೇಲಿ. ಬೇಸಿಗೇಲಿ ಯಾವ ಮನೆ ಸೋರ್ತದೆ?"

ಬರಹಗಾರರು ಕನ್ನಡಕವನ್ನು ಮತ್ತೆ ಏರಿಸಿಕೊಂಡರು. ಸಾಬರು ನಡುವೆ ಬಂದರು. "ಅಮ್ಮಾವ್ರೇ, ಏನಾದ್ರೂ ಸಣ್ಣಪುಟ್ಟ ಐಬಿದ್ರೆ ನಾನು ನೋಡ್ಕೋತೀನಿ. ಮಾತು ಕೊಟ್ಟಿದೀನಿ, ನನ್ನ ಜಬಾನ್ ಸಾಕಲ್ಲ."

"ಜಬಾನ್ ನಿಮ್ಮ ಹತ್ರಾನೇ ಇರ್ತದೆ ಸಾಬ್ರೇ, ನೀವು ಶಿರಾಕ್ಕೆ ಹೋಗ್ತೀರಿ. ಕಾಗದ ಆದ್ರೆ ನನ್ನ ಹತ್ರ ಇರ್ತದೆ."

ಸಾಬರು ನಕ್ಕರು. ಬರಹಗಾರರ ಲೇಖನಿಯನ್ನೇ ತೆಗೆದುಕೊಂಡು, ಅರ್ಧ ಹಾಳೆಯ ಮೇಲೆ ತಾವೇ ಕನ್ನಡದಲ್ಲಿ ಬರೆದರು: ಬರುವ ಒಂದು ಮಳೆಗಾಲ ಮುಗಿಯುವ ತನಕ ಸದರಿ ಮನೆಯ ಸಣ್ಣಪುಟ್ಟ ಐಬುಗಳಿಗೆ ನಾನೇ ಜವಾಬ್ದಾರ. ಕೆಳಗೆ ಸಹಿ ಹಾಕಿದರು. 'ಸಣ್ಣಪುಟ್ಟ' ಅನ್ನುವ ಮಾತಿಗೆ ನಮ್ಮತ್ತೆಯ ನಿಘಂಟಿನಲ್ಲಿ ಎಷ್ಟು ಅರ್ಥಗಳಿವೆ ಅಂತ ಪಾಪ ಅವರಿಗೆ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಯಜಮಾನರು ಮೆಲ್ಲಗೆ ಕೇಳಿದರು. "ಅಮ್ಮ, ಅದರಲ್ಲಿ ಸಣ್ಣಪುಟ್ಟದು ಅಂತ ಮಾತ್ರ ಇದೆ. ದೊಡ್ಡ ಐಬು ಬಂದ್ರೆ?"

"ದೊಡ್ಡದನ್ನ ಸಣ್ಣಸಣ್ಣದಾಗಿ ಮಾಡಿ ಬರೆದ್ರಾಯ್ತು ಬುಡು" ಅಂದರು ಅತ್ತೆ.

ಬರೆಯುವವಳು ನಾನು. ಅತ್ತೆಗೆ ಓದು ಬರಹ ಬಾರದು, ಯಜಮಾನರಿಗೆ ನಾಚಿಕೆ. ನಾನು ಕೊರಟಗೆರೆಯಲ್ಲಿ ಮಿಡ್ಲ್ ಸ್ಕೂಲು ಮುಗಿಸಿದ್ದೆ. ಮದುವೆಯಾದ ಮೇಲೆ ಆ ಓದು ಯಾವುದಕ್ಕೂ ಬೇಕಾಗಿರಲಿಲ್ಲ. ಈಗ ಬೇಕಾಯಿತು. ಹೊಸ ಮನೆಗೆ ಬಂದ ಹತ್ತನೇ ದಿನ ಅತ್ತೆ ಅಂಚೆ ಕಾರ್ಡು ತರಿಸಿ ಮುಂದಿಟ್ಟರು. "ಬರ್ಕ ಕಣಮ್ಮಿ. ಹಿತ್ತಲ ಬಾಗಿಲು ಮುಚ್ಚಾಕಾಗಲ್ಲ."

ಮುಂದಿನ ವಾರ ಸಾಬರು ಬಂದರು. ಬಸ್ಸಿನ ಮಸಿ ಮುಖದ ಮೇಲೆ ಎರಡು ಗೆರೆ ಎಳೆದಿತ್ತು. ನೇರ ಹಿತ್ತಲ ಬಾಗಿಲಿಗೆ ಹೋಗಿ, ಎಡಗೈಯಲ್ಲಿ ಬಾಗಿಲ ಕಬ್ಬಿಣದ ಬಳೆ ಹಿಡಿದು ಒಂದಿಷ್ಟು ಮೇಲಕ್ಕೆತ್ತಿ, ಬಲಗಾಲಿನ ಹೆಬ್ಬೆರಳಿನಿಂದ ಕೆಳಗೆ ಒತ್ತಿದರು. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

"ಇದರಲ್ಲಿ ಐಬೇನೈತೆ ಅಮ್ಮಾವ್ರೇ?"

ಅತ್ತೆ ನೂಕಿ ನೋಡಿದರು. ಬಾಗಿಲು ಅರ್ಧಕ್ಕೆ ನಿಂತಿತು. ನಾನು ನೂಕಿದೆ. ಅರ್ಧಕ್ಕೇ ನಿಂತಿತು. ಸಾಬರು ಮತ್ತೆ ಕೈ ಎತ್ತಿ, ಕಾಲು ಒತ್ತಿ ಮುಚ್ಚಿದರು. ಆಮೇಲೆ ತಮ್ಮ ಕಾಲನ್ನೇ ತಾವು ನೋಡಿಕೊಂಡರು.

"ಮೂವತ್ತು ವರ್ಷದಿಂದ ಹಿಂಗೇ ಮುಚ್ತಿದೀನಿ. ಬೇರೆಯವ್ರು ಹಂಗೆ ಮುಚ್ಚಲ್ಲ ಅನ್ನೋದು ನನ್ನ ತಲೆಗೇ ಹೊಳೀಲಿಲ್ಲ. ಇದು ಐಬು ಅಂತ ನನಗೆ ಗೊತ್ತಿರಲಿಲ್ಲ, ಖುದಾ ಕಸಮ್" ಅಂದರು.

ಸುಳ್ಳು ಹೇಳುವ ಮುಖ ಅದಲ್ಲ. ಮನೆಯಲ್ಲಿ ಎಷ್ಟೋ ವರ್ಷ ಇದ್ದವರ ಮೈ ಮನೆಗೆ ತಕ್ಕ ಹಾಗೆ ತಿರುಗಿಕೊಂಡಿರುತ್ತದೆ. ತಗ್ಗು ಬಾಗಿಲಿಗೆ ತಲೆ ತಾನಾಗಿ ಬಾಗುತ್ತದೆ, ಅಲುಗುವ ಕಲ್ಲನ್ನು ಕಾಲು ತಾನಾಗಿ ದಾಟುತ್ತದೆ. ಅವರಿಗೆ ಅದೆಲ್ಲ ಅಭ್ಯಾಸ, ಹೊಸದಾಗಿ ಬಂದ ನಮಗೆ ಅದೆಲ್ಲ ಐಬು. ಇದು ನನಗೆ ಆಗಲೇ ಹೊಳೆಯಿತು. ಅತ್ತೆಗೆ ಹೇಳುವ ಧೈರ್ಯವಾಗಲಿಲ್ಲ.

ಮರುವಾರ ಸಾಬರು ಬಡಗಿಯನ್ನು ಕರೆತಂದು ಬಾಗಿಲಿನ ತಳ ಕೆತ್ತಿಸಿದರು. ಅದರ ಬೆನ್ನಿಗೇ ಎರಡನೇ ಕಾರ್ಡು ಹೋಯಿತು. ಅಡುಗೆಮನೆಯ ಹೊಗೆ ಹೊರಗೆ ಹೋಗುವುದಿಲ್ಲ.

ಈ ಸಲ ಕಷ್ಟ ಬಂದದ್ದು ಅತ್ತೆಗೆ. ಸಾಬರು ಅಡುಗೆಮನೆಯ ಹೊಸ್ತಿಲಾಚೆ ನಿಂತು "ಒಳಗೆ ಬರಬಹುದಾ?" ಅಂತ ಕೇಳಿದರು. ಮೂವತ್ತು ವರ್ಷ ಅದೇ ಅಡುಗೆಮನೆಯಲ್ಲಿ ಕೂತು ಊಟ ಮಾಡಿದ ಮನುಷ್ಯ. ಅತ್ತೆ ಸಾಬರನ್ನು ನೋಡಿದರು, ಮೂರು ಸಲ ಸಾರಿಸಿದ ನೆಲವನ್ನು ನೋಡಿದರು, ಕಡೆಗೆ ನನ್ನನ್ನು ನೋಡಿದರು. ನನಗೆ ಅರ್ಥವಾಯಿತು. ಒಲೆ ಆರಿಸಿ, ಪಾತ್ರೆ ಪಡಗವನ್ನೆಲ್ಲ ನಡುಮನೆಗೆ ಹೊತ್ತು ಹಾಕಿದೆ. ಸಾಬರು ಅದೆಲ್ಲ ಮುಗಿಯುವ ತನಕ ಹಿತ್ತಲಲ್ಲಿ ಬೆಟ್ಟ ನೋಡುತ್ತ ನಿಂತಿದ್ದರು. ಅವರಿಗೆ ಬೇಸರವಾಗಿರಲಿಲ್ಲ ಅಂತ ನಾನು ಹೇಳಲಾರೆ. ತೋರಿಸಿಕೊಳ್ಳಲಿಲ್ಲ, ಅಷ್ಟೇ.

ಆಮೇಲೆ ಒಳಗೆ ಬಂದು ಮಣೆಯ ಮೇಲೆ ಹತ್ತಿ ಹೊಗೆಕಿಂಡಿಯೊಳಗೆ ಕೈ ಹಾಕಿದರು. ಮಸಿ ಹಿಡಿದ ಬಟ್ಟೆಯ ಉಂಡೆಯೊಂದು ಹೊರಗೆ ಬಂತು. ಬಿಡಿಸಿ ನೋಡಿ, "ನಮ್ಮನೆಯವಳು ಚಳಿಗಾಲದಲ್ಲಿ ತುರುಕಿದ್ದು. ತೆಗೆಯೋದು ಮರ್ತಿದಾಳೆ. ನೋಡಿ, ಈ ಹೂವಿನ ಅಚ್ಚಿನ ಚೀಟಿ ಬಟ್ಟೆ, ನನ್ನ ಅಂಗಡೀಲಿ ಒಂದು ಗಜಾನೂ ಮಾರಾಟ ಆಗ್ಲಿಲ್ಲ. ಎಲ್ಲಾ ಇಂಥ ಕಡೆಗೇ ಹೋಯ್ತು" ಅಂದರು. ಅತ್ತೆಗೆ ನಗು ಬಂತು. ಸೆರಗು ಅಡ್ಡ ಹಿಡಿದುಕೊಂಡರು.

ಹೀಗೆ ಶುರುವಾಯಿತು. ಬಚ್ಚಲ ನೀರು ಹಿಂದಕ್ಕೆ ಬರುತ್ತದೆ. ನಡುಮನೆಯ ಗೋಡೆಗೂಡಿನ ಒಳಗೆ ಇರುವೆ. ಮುಂಬಾಗಿಲ ಚಿಲಕ ಮಳೆಗಾಲದ ಮೊದಲೇ ತುಕ್ಕು ಹಿಡಿದಿದೆ. ಒಂದು ಸಲ, ಜಂತಿಯಲ್ಲಿ ಗುಬ್ಬಿಗಳು ಗೂಡು ಕಟ್ಟಿ ಗದ್ದಲ ಮಾಡುತ್ತವೆ ಅಂತಲೂ ಬರೆಸಿದರು. ಅದಕ್ಕೆ ಸಾಬರು ಬರಲಿಲ್ಲ, ಕಾರ್ಡು ಬಂತು. "ಗುಬ್ಬಿಗಳನ್ನು ನಾನು ಮಾರಿದ್ದಲ್ಲ, ಅವು ತಾವಾಗಿ ಉಳಿದುಕೊಂಡಿರುತ್ತವೆ. ನಮ್ಮ ಜೊತೆ ಶಿರಾಕ್ಕೆ ಬನ್ನಿ ಅಂತ ಕರೆದರೂ ಬರಲಿಲ್ಲ" ಅಂತ ಬರೆದಿದ್ದರು. ಓದಿ ಹೇಳಿದೆ. ಅತ್ತೆ ಇನ್ನೊಂದು ಸಲ ಓದು ಅಂದರು. ಸಂಜೆ ಮಗ ಬಂದ ಮೇಲೆ ಮೂರನೇ ಸಲ ಓದಿಸಿದರು.

ಮೊದಮೊದಲು ಸಾಬರು ಬಡಗಿಯನ್ನೋ ಗಾರೆಯವನನ್ನೋ ಜೊತೆಗೆ ಕರೆತರುತ್ತಿದ್ದರು. ಅಂಥ ಚಿಲ್ಲರೆ ಕೆಲಸಕ್ಕೆ ಯಾರೂ ಬರಲೊಪ್ಪದೆ ಹೋದಾಗ ಗಾರೆ ಮೆತ್ತುವ ಕರಣೆಯನ್ನು ತಾವೇ ಹಿಡಿದರು. ಜೀವಮಾನವಿಡೀ ಗಜಕಡ್ಡಿ ಮತ್ತು ಕತ್ತರಿ ಹಿಡಿದ ಕೈ. ಬಚ್ಚಲಿಗೆ ಗಾರೆ ಹಾಕಿದ ಮೊದಲ ದಿನ ಗೋಡೆಗಿಂತ ಅವರ ಕೋಟಿಗೇ ಹೆಚ್ಚು ಮೆತ್ತಿಕೊಂಡಿತು. ಮೂರನೇ ಸಲಕ್ಕೆ ಕೋಟು ಬಿಚ್ಚಿಟ್ಟು ಕೆಲಸ ಮಾಡುವುದು ಕಲಿತರು. ಐದನೇ ಸಲಕ್ಕೆ ಸುಣ್ಣಕ್ಕೆ ಎಷ್ಟು ಮರಳು ಅನ್ನುವುದೂ ಕೈಗೆ ಬಂತು. ನಮ್ಮ ಕಾರ್ಡುಗಳ ದೆಸೆಯಿಂದ ಅರವತ್ತನೇ ವಯಸ್ಸಿನಲ್ಲಿ ಅವರು ಒಂದು ಹೊಸ ಕಸುಬು ಕಲಿತರು ಅಂತ ನಾನು ಈಗಲೂ ಹೇಳುತ್ತಿರುತ್ತೇನೆ.

ಒಂದು ದಿನ ಯಜಮಾನರು ತಡೆಯಲಾರದೆ, "ಸಾಬ್ರೇ, ನಮ್ಮಮ್ಮನ ಕಾರ್ಡಿಗೆಲ್ಲ ನೀವು ಹಿಂಗೆ ಬಸ್ಸು ಹತ್ತಿ ಬರಬೇಕು ಅಂತೇನಿಲ್ಲ" ಅಂದರು. ಅದು ಅವರು ತಾಯಿಗೆ ಎದುರಾಗಿ ಆಡಿದ ಅತಿ ದೊಡ್ಡ ಮಾತು. ತಾಯಿ ಹಿತ್ತಲಲ್ಲಿದ್ದರು ಅನ್ನುವುದನ್ನು ನೋಡಿಕೊಂಡೇ ಆಡಿದ್ದರು.

ಸಾಬರು ಕೈ ಒರೆಸಿಕೊಳ್ಳುತ್ತ ಹೇಳಿದರು. "ಅಂಗಡೀಲಿ ಮಾರಿದ ಸೀರೆ ಬಣ್ಣ ಬಿಟ್ರೆ ನಾನು ವಾಪಸ್ ತಗೋತಿದ್ದೆ ಸ್ವಾಮಿ. ಮನೇನ ಹಂಗೆ ವಾಪಸ್ ತಗೊಳ್ಳೋಕಾಗಲ್ಲ. ಅದಕ್ಕೇ ನಾನೇ ಬಂದು ಬಣ್ಣ ಹಚ್ಚಿ ಹೋಗ್ತೀನಿ. ಜಿಮ್ಮೇದಾರಿ ಅಂತ ಬರೆದುಕೊಟ್ಟ ಮೇಲೆ ಮುಗೀತು."

ಇಷ್ಟರ ನಡುವೆ ನಾನೊಂದು ತಪ್ಪು ಮಾಡಿದೆ. ತವರಿನಿಂದ ತಂದ ಒಂದು ಕನ್ನಡಿ ಇತ್ತು, ಮರದ ಚೌಕಟ್ಟಿನದು. ಅದನ್ನು ಎಲ್ಲಿಯೂ ತೂಗುಹಾಕಲು ಆಗಿರಲಿಲ್ಲ. ಅತ್ತೆ ಯಾರದೋ ಮನೆಯ ನಾಮಕರಣಕ್ಕೆ ಹೋಗಿದ್ದ ಮಧ್ಯಾಹ್ನ ನಡುಮನೆಯ ಗೋಡೆಗೆ ಗೂಟವಿಟ್ಟು ಗುಂಡುಕಲ್ಲಿನಿಂದ ಹೊಡೆದೆ. ಎರಡನೇ ಏಟಿಗೆ ಗೂಟ ಒಳಗೆ ಹೋಯಿತು. ಮೂರನೇ ಏಟಿಗೆ ಮೊರದಗಲ ಗಾರೆ ಕಳಚಿ ಕಾಲ ಮೇಲೆ ಬಿತ್ತು, ಪಕ್ಕದ ಗೂಡಿನ ತನಕ ಬಿರುಕು ಓಡಿತು. ಗೂಟ ಕಿತ್ತೆಸೆದು, ಮಣ್ಣು ಗುಡಿಸಿ, ಆ ಜಾಗಕ್ಕೆ ಸುತ್ತಿದ ಚಾಪೆಯನ್ನು ಒರಗಿಸಿ ನಿಲ್ಲಿಸಿದೆ.

ಚಾಪೆ ನಾಲ್ಕು ದಿನ ಕಾಪಾಡಿತು. ಐದನೇ ದಿನ ಅತ್ತೆ ಚಾಪೆ ತೆಗೆದರು. "ನೋಡಮ್ಮಿ, ಸಾಬ್ರ ಗೋಡೆ. ಮಳೆ ಬರೋ ಮುಂಚೇನೇ ಬಾಯ್ಬುಟ್ಟೈತೆ. ಕಾರ್ಡ್ ತಗೊಂಬಾ."

ಆಗಲೇ ಹೇಳಿಬಿಡಬೇಕಿತ್ತು. ಕಾರ್ಡು ತಂದು ಕೂತೆ. ಅತ್ತೆ ಹೇಳಿದರು, ನಾನು ಬರೆದೆ. "ಗೋಡೆಯು ತಾನಾಗಿಯೇ ಬಿರುಕು ಬಿಟ್ಟು ಗಾರೆ ಉದುರಿರುತ್ತದೆ." ತಾನಾಗಿಯೇ ಅನ್ನುವುದನ್ನು ಅತ್ತೆ ಹೇಳಿರಲಿಲ್ಲ. ನಾನೇ ಸೇರಿಸಿದೆ. ತಪ್ಪು ಮಾಡಿದವರೇ ಇಂಥ ಮಾತುಗಳನ್ನು ಸೇರಿಸುವುದು.

ಸಾಬರು ಬಂದರು. ಬಿರುಕಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಗೂಟದ ತೂತಿನೊಳಗೆ ಬೆರಳು ಹಾಕಿದರು. ಹೊರಗೆ ತೆಗೆದಾಗ ಬೆರಳ ತುದಿಯಲ್ಲಿ ಒಂದು ಸಣ್ಣ ಮರದ ಸಿಬಿರು ಇತ್ತು. ಅತ್ತೆ ಸುಣ್ಣ ಕಲಸಲು ಹಿತ್ತಲ ಬಾವಿಯಲ್ಲಿ ನೀರು ಸೇದುತ್ತಿದ್ದರು. ನಾನು ಒಬ್ಬಳೇ ಅಲ್ಲಿ ನಿಂತಿದ್ದೆ.

"ಬೇಟಿ, ಏನು ತೂಗುಹಾಕ್ಬೇಕಿತ್ತು?" ಅಂತ ಮೆಲ್ಲಗೆ ಕೇಳಿದರು.

"ಕನ್ನಡಿ" ಅಂದೆ.

ಅವರು ಎದ್ದು, ಎದುರುಗೋಡೆಯನ್ನು ಬೆರಳ ಗಂಟಿನಿಂದ ಬಡಿಯುತ್ತ ಹೋದರು. ಒಂದು ಕಡೆ ಸದ್ದು ಬೇರೆಯಾಯಿತು. "ಇಲ್ಲಿ ಗೋಡೆ ಒಳಗೆ ಮರ ಐತೆ. ಇಲ್ಲಿ ಮೊಳೆ ಹೊಡೆದ್ರೆ ನಿಲ್ತದೆ. ಇದನ್ನ ನಾನು ಮನೆ ಕೊಡುವಾಗಲೇ ಹೇಳ್ಬೇಕಿತ್ತು. ಹೇಳಲಿಲ್ಲ. ಹಂಗಾಗಿ ಇದೂ ನನ್ನ ಐಬೇ" ಅಂದರು.

ಮಧ್ಯಾಹ್ನದ ತನಕ ಕೂತು ಗೋಡೆ ತುಂಬಿದರು. ಅತ್ತೆ ಪಕ್ಕದಲ್ಲಿ ನಿಂತು, ಇನ್ನೂ ಸ್ವಲ್ಪ ಒತ್ತಿ, ಅಲ್ಲಿ ಉಬ್ಬಿದೆ ಅಂತ ಹೇಳುತ್ತಲೇ ಇದ್ದರು. ಸಾಬರು ಒತ್ತುತ್ತಲೇ ಇದ್ದರು. ಅವರು ಗದರಿದ್ದರೆ ನನಗೆ ಸುಲಭವಾಗುತ್ತಿತ್ತು. ಹೊರಟಾಗ ಒಂದು ಮಾತನ್ನೂ ಅತ್ತೆಗೆ ಹೇಳಲಿಲ್ಲ.

ಅವರ ಬಸ್ಸು ಹೋದ ಮೇಲೆ ಅತ್ತೆಯ ಮುಂದೆ ಎಲ್ಲ ಹೇಳಿದೆ. ಗೂಟ, ಗುಂಡುಕಲ್ಲು, ಚಾಪೆ. ಅತ್ತೆ ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟರು. ಬೈಯುತ್ತಾರೆ ಅಂದುಕೊಂಡೆ.

"ಅವ್ರಿಗೆ ಗೊತ್ತಾಯ್ತಾ?"

"ಗೊತ್ತಾಯ್ತು."

"ಗೊತ್ತಾಗೂ ಮೆತ್ತಿದ್ರಾ?"

"ಹೂಂ."

"ನಾನು ಪಕ್ಕದಲ್ಲಿ ನಿಂತ್ಕಂಡು ಉಬ್ಬೈತೆ ಅಂತಿದ್ನಲ್ಲೇ" ಅಂದರು ಅತ್ತೆ. ಅವರ ಮುಖ ಕೆಂಪಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಕಾರ್ಡ್ ತಗೊಂಬಾ."

ಆ ಕಾರ್ಡನ್ನು ಬರೆಸಲು ಅವರಿಗೆ ಸಂಜೆಯವರೆಗೆ ಹಿಡಿಯಿತು. ಅಷ್ಟು ಕಾರ್ಡುಗಳಲ್ಲಿ ತಪ್ಪು ಹುಡುಕಿ ಅಭ್ಯಾಸವಿತ್ತೇ ಹೊರತು ಒಪ್ಪಿಕೊಂಡು ಅಭ್ಯಾಸವಿರಲಿಲ್ಲ. ಕಡೆಗೆ ಹೀಗೆ ಬಂತು: "ನಡುಮನೆಯ ಗೋಡೆಯ ಐಬು ನಮ್ಮದು, ನಿಮ್ಮದಲ್ಲ. ನಮ್ಮ ಸೊಸೆ ಗೂಟ ಹೊಡೆದಿರುತ್ತಾಳೆ. ನಿಮ್ಮ ಕೈಲಿ ಮಾಡಿಸಬಾರದಿತ್ತು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ." ಇಷ್ಟು ಹೇಳಿ, ನಾನು ವಿಳಾಸ ಬರೆಯುವಷ್ಟರಲ್ಲಿ, "ತಡಿ, ಜಾಗ ಐತಾ?" ಅಂದರು. ಇದೆ ಅಂದೆ. "ಬಚ್ಚಲ ನೀರು ಮಾತ್ರ ಇನ್ನೂ ಹಿಂದಕ್ಕೇ ಬತ್ತೈತೆ ಅಂತ ಬರಿ. ಅದು ನಮ್ದಲ್ಲ."

ಆ ವರ್ಷ ಮಳೆ ತಡವಾಯಿತು. ಬಂದ ಮೇಲೂ ತುಂತುರು ತುಂತುರಾಗಿ ಬಂದು ಮಾಳಿಗೆಯ ಧೂಳನ್ನಷ್ಟೇ ಒದ್ದೆ ಮಾಡಿ ಹೋಗುತ್ತಿತ್ತು. ಮನೆ ಸೋರುತ್ತದೋ ಇಲ್ಲವೋ ತಿಳಿಯುವಂಥ ಮಳೆಯೇ ಬರಲಿಲ್ಲ. ಈಗ ಹೊಸ ಪ್ರಶ್ನೆ ಎದ್ದಿತು. ಮಳೆಗಾಲ ಮುಗಿಯುವುದು ಯಾವಾಗ? ಅರ್ಧ ಹಾಳೆಯಲ್ಲಿ ಅದು ಬರೆದಿರಲಿಲ್ಲ. ಕಚೇರಿಯ ಲೆಕ್ಕದಲ್ಲಿ ಮುಗಿದುಹೋಗಿದೆ ಅಂತ ಯಜಮಾನರು. ಸ್ವಾತಿ ಮಳೆ ಹೋಗುವ ತನಕ ಮುಗಿದಂತಲ್ಲ ಅಂತ ಅತ್ತೆ. ಸಾಬರನ್ನು ಕಾರ್ಡಿನಲ್ಲಿ ಕೇಳಿದಾಗ, "ಅಮ್ಮಾವ್ರು ಹೇಳಿದ ದಿನ ಮುಗಿಯಲಿ" ಅಂತ ಉತ್ತರ ಬಂತು.

ಸ್ವಾತಿಯಲ್ಲೇ ಬಂತು. ಬೆಳಗಿನ ಹೊತ್ತು ಬೆಟ್ಟದ ಮೇಲಿಂದ ಇಳಿದ ಮಳೆ ಮಧ್ಯಾಹ್ನದ ತನಕ ಬಿಡಲಿಲ್ಲ. ಮನೆಯೆಲ್ಲ ಒಣಗಿಯೇ ಇತ್ತು. ಸೋರಿದ್ದು ಒಂದೇ ಒಂದು ಕಡೆ, ಅತ್ತೆ ಲಿಂಗಪೂಜೆಗೆ ಕೂರುವ ಮೂಲೆಯಲ್ಲಿ, ಸರಿಯಾಗಿ ಅವರ ನೆತ್ತಿಯ ಮೇಲೆ. ಅವರು ಪೂಜೆ ನಿಲ್ಲಿಸದೆ ಎಡಗೈಯಲ್ಲಿ ತಟ್ಟೆಯನ್ನು ತಲೆಯ ಮೇಲೆ ಹಿಡಿದುಕೊಂಡು ಮುಗಿಸಿದರು. ನಾನೂ ಯಜಮಾನರೂ ಬಾಗಿಲಲ್ಲಿ ನಿಂತು, ಒಬ್ಬರ ಮುಖ ಒಬ್ಬರು ನೋಡದ ಹಾಗೆ ಎಚ್ಚರವಾಗಿದ್ದೆವು.

ಕಾರ್ಡು ಬರೆಯಲೇ ಅಂತ ಕೇಳಿದೆ. ಅತ್ತೆ ಬೇಡ ಅಂದರು. "ಕೊನೇ ಮಳೇಲಿ ಒಂದು ತೊಟ್ಟು ಬಿದ್ರೆ ಅದಕ್ಕೂ ಆ ಮನುಷ್ಯನ್ನ ಎಳೆದು ತರ್ಬೇಕಾ. ನಾನೇ ಪಕ್ಕಕ್ಕೆ ಕೂತ್ಕತೀನಿ ಬುಡು."

ಮೂರನೇ ದಿನ ಸಾಬರು ಕರೆಯದೆ ಬಂದರು. ಜೊತೆಗೆ ಎರಡು ಗೋಣಿಚೀಲ ಚೌಳು ಮಣ್ಣು. ಮಾಳಿಗೆಯ ಮೇಲೆ ಹಾಕಿದರೆ ನೀರನ್ನು ಒಳಗೆ ಬಿಡದ ಬಿಳಿ ಮಣ್ಣು ಅದು. ಶಿರಾದಲ್ಲೂ ಮಳೆ ಜೋರಾಗಿತ್ತಂತೆ. ಇಲ್ಲಿ ಖಂಡಿತ ಸೋರಿರುತ್ತದೆ ಅಂತ ಮದಲೂರು ಕಡೆಯಿಂದ ಮಣ್ಣು ತರಿಸಿ, ಬಸ್ಸಿನ ಮೇಲೆ ಹೇರಿಸಿಕೊಂಡು ಬಂದಿದ್ದರು. "ಪೂಜೆ ಮೂಲೇಲಿ ಅಲ್ವಾ?" ಅಂತ ತಾವೇ ಕೇಳಿದರು.

"ನಿಮಗೆ ಹೆಂಗೆ ಗೊತ್ತು?" ಅಂದರು ಅತ್ತೆ.

"ನಾನೂ ಅಲ್ಲೇ ನಮಾಜಿಗೆ ಕೂರ್ತಿದ್ದೆ. ಹತ್ತು ವರ್ಷಕ್ಕೊಂದು ಸಲ ಸೋರ್ತದೆ. ಇದನ್ನೂ ಹೇಳೋದು ಮರೆತೆ, ಮಾಫ್ ಮಾಡ್ಬೇಕು."

ಅತ್ತೆ ಸೆರಗು ಸಿಕ್ಕಿಸಿ, ಒಂದು ಪುಟ್ಟಿ ಚೌಳು ಹೊತ್ತು ಏಣಿ ಹತ್ತಿದರು. ಸಾಬರು ಬೇಡ ಬೇಡ ಅಂದರೂ ಕೇಳಲಿಲ್ಲ. ಇಬ್ಬರು ವಯಸ್ಸಾದವರು ಮಾಳಿಗೆಯ ಮೇಲೆ ಮಣ್ಣು ಹರಡುವುದನ್ನು ಬೀದಿಯವರೆಲ್ಲ ನಿಂತು ನೋಡಿದರು. ಅದುವರೆಗೆ ಸಾಬರಿಗೆ ಊಟ ಜಗಲಿಯಲ್ಲಿ ಮುತ್ತುಗದ ಎಲೆಯ ಮೇಲೆ. ಆ ದಿನ ನಡುಮನೆಯಲ್ಲಿ ಮಣೆ ಹಾಕಿಸಿದರು. ಅಡುಗೆಮನೆಗೆ ಇನ್ನೂ ಒಂದು ಹೊಸ್ತಿಲು ಬಾಕಿ ಇತ್ತು. ನಮ್ಮತ್ತೆ ಒಂದೇ ದಿನದಲ್ಲಿ ಎರಡು ಹೊಸ್ತಿಲು ದಾಟುವವರಲ್ಲ.

ಕರಾರಿನ ಅವಧಿ ಮುಗಿಯಿತು. ಕಾರ್ಡು ಮುಗಿಯಲಿಲ್ಲ. ಐಬಿಲ್ಲದ ಕಾರ್ಡು ಬರೆಸುವುದು ಅತ್ತೆಗೆ ಬಾರದ್ದರಿಂದ, ಮನೆಯ ಬದಲು ಮಗನ, ಸೊಸೆಯ, ಹಾಲಿನವನ ಐಬುಗಳನ್ನು ಬರೆಸತೊಡಗಿದರು. ನನ್ನ ಮೇಲಿನ ದೂರನ್ನು ನನ್ನ ಕೈಯಲ್ಲೇ, ನನ್ನದೇ ಒಳ್ಳೆಯ ಅಕ್ಷರದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಸಾಬರ ಹೆಂಡತಿಯೂ ನಡುವೆ ಒಂದೊಂದು ಸಾಲು ಸೇರಿಸಿ ಉತ್ತರ ಬರೆಸುತ್ತಿದ್ದರು.

ನಾಲ್ಕೈದು ವರ್ಷ ಕಳೆದು, ಯುದ್ಧವೂ ಮುಗಿದ ಮೇಲೆ, ಯಜಮಾನರಿಗೆ ಪಾವಗಡಕ್ಕೆ ವರ್ಗವಾಯಿತು. ಮನೆ ಮಾರಬೇಕಾಯಿತು. ಈಗ ನಾವು ಮಾರುವವರು. ಮೊದಲು ನೋಡಲು ಬಂದವರನ್ನು ಅತ್ತೆಯೇ ಮನೆಯೊಳಗೆ ಸುತ್ತಿಸಿದರು. ಇಲ್ಲಿ ಗೋಡೆ ಟೊಳ್ಳು, ಇಲ್ಲಿ ಇರುವೆ, ಈ ಬಚ್ಚಲನ್ನು ಯಾರಪ್ಪನಿಂದಲೂ ಸರಿ ಮಾಡಲಾಗುವುದಿಲ್ಲ. ಬಂದವರು ಹಿತ್ತಲ ಬಾಗಿಲ ತನಕ ಹೋಗಿ ಅಲ್ಲಿಂದಲೇ ಹೊರಟುಹೋದರು. ಎರಡನೆಯವರು ನಡುಮನೆಯನ್ನೂ ದಾಟಲಿಲ್ಲ.

"ಅಮ್ಮ, ಕೇಳಿದ್ರೆ ಹೇಳಿದ್ರಾಯ್ತು" ಅಂದರು ಯಜಮಾನರು.

"ಕೇಳೋಕೆ ಅವ್ರಿಗೆ ಗೊತ್ತಾಗ್ಬೇಕಲ್ಲ. ಗೊತ್ತಿರೋದು ನಮಗೆ." ಇಷ್ಟಕ್ಕೆ ನಿಲ್ಲಿಸದೆ, ತಾವು ಬರುವ ಮೊದಲಿನ ಐಬುಗಳು ತಮಗೂ ಪೂರ್ತಿ ಗೊತ್ತಿಲ್ಲ ಅಂತ ಸಾಬರಿಗೆ ಕಾರ್ಡು ಬರೆಸಿದರು.

ಮೂರನೆಯವರು ಬಂದ ದಿನ ಸಾಬರೂ ಬಂದರು. ಕೊಳ್ಳಲು ಬಂದವರು ಪಾವಗಡದ ತಿರುಮಣಿ ಕಡೆಯ ಗಂಡ ಹೆಂಡತಿ, ತೆಲುಗು ಮನೆಮಾತಿನವರು. ಮಧುಗಿರಿಯಲ್ಲಿ ಕಡಲೆಕಾಯಿ ಮಂಡಿ ಇಡುವ ಯೋಚನೆ ಅವರದು. ಅತ್ತೆ ಮುಂದೆ, ಸಾಬರು ಪಕ್ಕಕ್ಕೆ, ಆ ದಂಪತಿ ನಡುವೆ, ಕೊನೆಯಲ್ಲಿ ನಾವಿಬ್ಬರು. ಅತ್ತೆ ಒಂದು ಐಬು ಹೇಳಿದರೆ ಸಾಬರು ಅದರ ಹಿಂದಿನ ಇನ್ನೊಂದನ್ನು ಹೇಳುವರು. ಈ ತೊಲೆಗೆ ಒಂದು ಕಾಲದಲ್ಲಿ ಗೆದ್ದಲು ಹತ್ತಿತ್ತು ಅಂತ ಸಾಬರು. ಅದು ನನಗೆ ಹೇಳಿರಲೇ ಇಲ್ಲ ಅಂತ ಅತ್ತೆ. ನೀವು ಕೇಳಲಿಲ್ಲ ಅಂತ ಸಾಬರು. ಇಬ್ಬರೂ ಪೈಪೋಟಿಗೆ ಬಿದ್ದು ನಮ್ಮ ಮನೆಯನ್ನು ಒಂದೊಂದೇ ಕಲ್ಲಾಗಿ ಕಿತ್ತು ಹಾಕುತ್ತಿದ್ದರು. ಯಜಮಾನರು ನನ್ನ ಕಿವಿಯಲ್ಲಿ, "ಪಾವಗಡಕ್ಕೆ ನಾನೊಬ್ಬನೇ ಹೋಗ್ತೀನಿ, ನೀವು ಇಲ್ಲೇ ಇರಿ, ಇದು ಮಾರಾಟ ಆಗೋ ಮಾತಲ್ಲ" ಅಂದರು.

ಬಂದಾತ ಗಂಭೀರವಾಗಿ ಎಲ್ಲ ಕೇಳಿಸಿಕೊಂಡು ಹೆಂಡತಿಯ ಕಡೆ ತಿರುಗಿ, "ಅಂತಾ ಚೆಪ್ಪೇಸಿನಾರು" ಅಂದ. ಎಲ್ಲಾ ಹೇಳಿಬಿಟ್ಟರು ಅಂತ. ಹೆಂಡತಿ ಕನ್ನಡದಲ್ಲೇ ಅತ್ತೆಯನ್ನು ಕೇಳಿದಳು. "ಅವ್ವಾ, ಈ ಮನೇಲಿ ಒಳ್ಳೇದು ಒಂದೂ ಇಲ್ವಾ?"

ಅತ್ತೆ ಸಾಬರನ್ನು ನೋಡಿದರು. ಸಾಬರು ಅತ್ತೆಯನ್ನು ನೋಡಿದರು. ಅದನ್ನು ಇಬ್ಬರೂ ಯೋಚಿಸಿಯೇ ಇರಲಿಲ್ಲ.

"ಹಿತ್ತಲ ಬಾವಿ ನೀರು ಸಿಹಿ" ಅಂದರು ಸಾಬರು ಕಡೆಗೆ, ಏನೋ ಸಣ್ಣ ವಿಚಾರ ಹೇಳುವವರಂತೆ.

"ಅದೇನು ಹೇಳೋ ಮಾತಾ" ಅಂದರು ಅತ್ತೆ. "ಬೇಸಿಗೇಲೂ ಬತ್ತಲ್ಲ. ಬ್ಯಾಳೆ ಬೇಯಿಸಿದ್ರೆ ಬೆಣ್ಣೆ ಹಂಗೆ ಬೇಯ್ತದೆ."

ಆ ಹೆಂಗಸು ತಿರುಮಣಿಯಲ್ಲಿ ಬುದ್ಧಿ ಬಂದಾಗಿನಿಂದ ಉಪ್ಪು ನೀರಲ್ಲಿ ಬೇಳೆ ಬೇಯಿಸಿದವಳು. ನೇರ ಹಿತ್ತಲಿಗೆ ಹೋಗಿ, ಕೊಡ ಇಳಿಬಿಟ್ಟು ನೀರು ಸೇದಿ, ಬೊಗಸೆಯಲ್ಲಿ ಹಿಡಿದು ಕುಡಿದಳು. ಇನ್ನೊಂದು ಬೊಗಸೆ ಕುಡಿದಳು. ಆಮೇಲೆ ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು. ಗಂಡ ಹತ್ತಿರ ಹೋಗಿ ಏನೋ ಕೇಳಿದ. ಅವಳು ತಲೆಯಾಡಿಸಿದಳು. ವ್ಯಾಪಾರ ಅಲ್ಲಿಗೆ ಮುಗಿಯಿತು. ಬಚ್ಚಲಿನ ಬಗ್ಗೆ, ಗೆದ್ದಲಿನ ಬಗ್ಗೆ ಆ ಗಂಡ ಹೆಂಡತಿ ಮತ್ತೆ ಮಾತೆತ್ತಲೇ ಇಲ್ಲ.

ಎಂಟು ದಿನದಲ್ಲಿ ಪತ್ರವಾಯಿತು. ನಾವು ಪಾವಗಡಕ್ಕೆ ಹೋಗಿ ಕೋಟೆಯ ಕೆಳಗಿನ ಬೀದಿಯಲ್ಲಿ ಬಾಡಿಗೆಗೆ ಇದ್ದೆವು. ಅಲ್ಲಿನ ನೀರಿಗೆ ಅತ್ತೆಯ ಬಾಯಿ ಕಡೆಯವರೆಗೂ ಒಗ್ಗಲಿಲ್ಲ. ಮಧುಗಿರಿಗೆ ಹೋಗುವವರು ಯಾರೇ ಸಿಗಲಿ, ಒಂದು ತಂಬಿಗೆ ನೀರು ತರಲು ಹೇಳುತ್ತಿದ್ದರು. ಆ ತಿರುಮಣಿಯ ಹೆಂಗಸು ಒಮ್ಮೆಯೂ ಇಲ್ಲ ಅನ್ನದೆ, ತಂಬಿಗೆಯ ಬಾಯಿಗೆ ಬಾಳೆಲೆ ಕಟ್ಟಿ ಕಳಿಸುತ್ತಿದ್ದಳು.